ಈಸ್ಟ್ರೋಜೆನ್‌ನಿಂದ ಗೆಡ್ಡೆ ಬಂತಾ, ಗೆಡ್ಡೆಯಿಂದ ಈಸ್ಟ್ರೋಜೆನ್ ಬಂತಾ?

ಪ್ರಶ್ನೆ: ನನಗೆ 56 ವರ್ಷ. ಮುಟ್ಟು ನಿಂತು ಐದು ವರ್ಷವಾಗಿತ್ತು. ಈಗ ಎರಡು ತಿಂಗಳಿಂದ ಆಗಾಗ ರಕ್ತ ಹೋಗುತ್ತಿದೆ. ಸ್ಕ್ಯಾನ್ ಮಾಡಿಸಿದಾಗ ಎಡ ಅಂಡಾಶಯದಲ್ಲಿ 7 ಸೆಂಟಿಮೀಟರ್‌ನ ಗಟ್ಟಿ ಗೆಡ್ಡೆ ಕಂಡಿದೆ. ಗರ್ಭಕೋಶದ ಒಳಪದರವೂ ದಪ್ಪವಾಗಿದೆಯಂತೆ. ‘ಈ ಗೆಡ್ಡೆ ಈಸ್ಟ್ರೋಜೆನ್ ತಯಾರಿಸುತ್ತಿರಬಹುದು’ ಎಂದರು ಡಾಕ್ಟರ್. ಮುಟ್ಟು ನಿಂತ ಹೊಸದರಲ್ಲಿ ಮೈ ಬಿಸಿಯಾಗಿ ಬೆವರುತ್ತಿದ್ದುದಕ್ಕೆ ಒಂದು ವರ್ಷ ಹಾರ್ಮೋನ್ ಮಾತ್ರೆ ತೆಗೆದುಕೊಂಡಿದ್ದೆ. ಅದರಿಂದಲೇ ಇದು ಬಂತಾ? ಈಸ್ಟ್ರೋಜೆನ್ ಜಾಸ್ತಿಯಾದರೆ ಅಂಡಾಶಯದ ಕ್ಯಾನ್ಸರ್ ಬರುತ್ತದಾ? ನನ್ನ ಮಗಳು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಅದರಲ್ಲೂ ಈಸ್ಟ್ರೋಜೆನ್ ಇದೆಯಂತೆ. ನಿಲ್ಲಿಸು ಎಂದು ಹೇಳಲೇ?

ಉತ್ತರ: ಒಂದು ವರ್ಷ ತೆಗೆದುಕೊಂಡ ಮಾತ್ರೆಯಿಂದಲೇ ಹೀಗಾಯಿತು ಎಂದು ನಿಮ್ಮನ್ನು ನೀವೇ ದೂರಿಕೊಳ್ಳಬೇಡಿ. ನೀವು ಬರೆದಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನಿಮ್ಮ ವಿಷಯದಲ್ಲಿ ನಡೆದಿರುವುದು ಬಹುಶಃ ಉಲ್ಟಾ. ಈಸ್ಟ್ರೋಜೆನ್ ಎಂಬ ಹೆಂಗಸರ ಹಾರ್ಮೋನು ಗೆಡ್ಡೆಯನ್ನು ತಂದಿಲ್ಲ, ಗೆಡ್ಡೆಯೇ ಈಸ್ಟ್ರೋಜೆನ್ ಸುರಿಸುತ್ತಿದೆ. ನಿಮ್ಮ ಡಾಕ್ಟರ್ ಹೇಳಿದ್ದೂ ಅದನ್ನೇ.

ಅಂಡಾಶಯದ ಗೆಡ್ಡೆಗಳಿಗೂ ಈಸ್ಟ್ರೋಜೆನ್‌ಗೂ ಇರುವ ನಂಟು ಒಂದೇ ಬಗೆಯದಲ್ಲ. ಕೆಲವು ಗೆಡ್ಡೆಗಳು ಅದನ್ನು ತಯಾರಿಸುತ್ತವೆ. ಕೆಲವು ಅದರ ಬಲದಿಂದ ಬೆಳೆಯುತ್ತವೆ. ಕೆಲವಕ್ಕೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಈಸ್ಟ್ರೋಜೆನ್ ಒಳ್ಳೆಯದಾ ಕೆಟ್ಟದ್ದಾ ಎಂದು ಕೇಳುವ ಮುಂಚೆ ‘ಯಾವ ಗೆಡ್ಡೆ?’ ಎಂದು ಕೇಳಬೇಕು. ನಿಮ್ಮ ಮೂರೂ ಪ್ರಶ್ನೆಗಳ ಉತ್ತರ ಇದರ ಮೇಲೆ ನಿಂತಿದೆ.

ಆದರೆ ಅದಕ್ಕೂ ಮೊದಲು ಒಂದು ತುರ್ತಿನ ಮಾತು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಪರೀಕ್ಷಿಸಲೇಬೇಕು. ನಿಮ್ಮಲ್ಲಿ ಒಳಪದರ ಬೇರೆ ದಪ್ಪವಾಗಿದೆ. ಮುಟ್ಟು ನಿಂತವರಲ್ಲಿ ರಕ್ತಸ್ರಾವದ ಜೊತೆಗೆ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಅದರ ಚೂರು ತೆಗೆದು ಬಯಾಪ್ಸಿ ಮಾಡುವುದು ರೂಢಿ. ಅಂಡಾಶಯದ ಗೆಡ್ಡೆಯ ಗಾಬರಿಯಲ್ಲಿ ಇದು ಹಿಂದೆ ಬೀಳುವುದುಂಟು, ಬೀಳಬಾರದು. ಆಪರೇಷನ್ ಹೇಗೆ ಮಾಡಬೇಕು ಎಂಬುದು ಈ ವರದಿಯ ಮೇಲೂ ನಿಂತಿರುತ್ತದೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಈಗ ಅಂಡಾಶಯದೊಳಗೆ ಈಸ್ಟ್ರೋಜೆನ್ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಅಂಡ ಬೆಳೆಯುವ ಪುಟ್ಟ ಚೀಲದ ಸುತ್ತ ಎರಡು ಬಗೆಯ ಜೀವಕೋಶಗಳಿರುತ್ತವೆ. ಹೊರಗಿನವು ಥೀಕಾ ಕೋಶಗಳು, ಒಳಗಿನವು ಗ್ರಾನ್ಯುಲೋಸಾ ಕೋಶಗಳು. ಥೀಕಾ ಕೋಶಗಳು ಆಂಡ್ರೋಜೆನ್ ಎಂಬ, ಗಂಡಸರ ಹಾರ್ಮೋನು ಎಂದೇ ಹೆಸರಾದ ಗುಂಪಿನ ಹಾರ್ಮೋನು ತಯಾರಿಸುತ್ತವೆ. ಗ್ರಾನ್ಯುಲೋಸಾ ಕೋಶಗಳು ಅರೋಮಟೇಸ್ ಎಂಬ ಕಿಣ್ವ ಬಳಸಿ ಅದನ್ನು ಈಸ್ಟ್ರೋಜೆನ್ ಆಗಿ ಬದಲಿಸುತ್ತವೆ. ಒಂದು ಕೋಶ ಕಚ್ಚಾ ಸಾಮಗ್ರಿ ಕೊಡುತ್ತದೆ, ಇನ್ನೊಂದು ಅದನ್ನು ಮುಗಿಸುತ್ತದೆ. ಮುಟ್ಟು ನಿಂತ ಮೇಲೆ ಈ ಕೆಲಸ ನಿಲ್ಲುತ್ತದೆ. ಹಾಗೆಂದು ಮೈಯಲ್ಲಿ ಈಸ್ಟ್ರೋಜೆನ್ ಪೂರ್ತಿ ಖಾಲಿಯಾಗುವುದಿಲ್ಲ. ಅಡ್ರಿನಲ್ ಗ್ರಂಥಿಯಿಂದ ಬರುವ ಆಂಡ್ರೋಜೆನ್ ಮೈಯ ಕೊಬ್ಬಿನಲ್ಲಿ ಈಸ್ಟ್ರೋನ್ ಎಂಬ ಸ್ವಲ್ಪ ದುರ್ಬಲ ಈಸ್ಟ್ರೋಜೆನ್ ಆಗುತ್ತದೆ. ಅಲ್ಲೂ ಕೆಲಸ ಮಾಡುವುದು ಅದೇ ಅರೋಮಟೇಸ್. ಈ ಕಿಣ್ವದ ಹೆಸರು ನೆನಪಿಟ್ಟುಕೊಳ್ಳಿ, ಚಿಕಿತ್ಸೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಅಂಡಾಶಯದ ಗೆಡ್ಡೆಗಳಲ್ಲಿ ದೊಡ್ಡದಾಗಿ ಮೂರು ಕುಟುಂಬ. ಹೊರಪದರದ ಬಗೆಯ ಕೋಶಗಳಿಂದ ಹುಟ್ಟುವವು ಒಂದು. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಸುಮಾರು 90 ಶೇಕಡಾ ಇವೇ. ಅಂಡವಾಗಬೇಕಾದ ಮೂಲಕೋಶಗಳಿಂದ ಹುಟ್ಟುವವು ಇನ್ನೊಂದು, ಅವು ಹೆಚ್ಚಾಗಿ ಚಿಕ್ಕ ವಯಸ್ಸಿನವರಲ್ಲಿ ಕಾಣುತ್ತವೆ. ಮೂರನೆಯದು ನಾನು ಈಗಷ್ಟೇ ಹೇಳಿದ ಗ್ರಾನ್ಯುಲೋಸಾ, ಥೀಕಾ ಮುಂತಾದ, ಹಾರ್ಮೋನ್ ತಯಾರಿಸುವ ಕೋಶಗಳಿಂದ ಹುಟ್ಟುವವು. ನಿಮ್ಮ ಡಾಕ್ಟರ್ ಅನುಮಾನಿಸುತ್ತಿರುವುದು ಈ ಮೂರನೆಯ ಕುಟುಂಬವನ್ನು.

ಇವುಗಳಲ್ಲಿ ಥೀಕೋಮಾ ಎಂಬುದು ಹೆಚ್ಚಾಗಿ ಮುಟ್ಟು ನಿಂತವರಲ್ಲೇ ಬರುತ್ತದೆ. ಇದು ಗಟ್ಟಿಯಾಗಿರುತ್ತದೆ, ಈಸ್ಟ್ರೋಜೆನ್ ಸುರಿಸುತ್ತದೆ, ಆದರೆ ಬಹುಪಾಲು ಕ್ಯಾನ್ಸರ್ ಅಲ್ಲ. ತೆಗೆದರೆ ಮುಗಿಯಿತು. ನಿಮ್ಮದು ಇದೂ ಆಗಿರಬಹುದು. ಸ್ಕ್ಯಾನ್ ಒಂದನ್ನೇ ನೋಡಿ ಮನೆಯಲ್ಲಿ ಯಾರೂ ಕ್ಯಾನ್ಸರ್ ಎಂದು ತೀರ್ಮಾನ ಮಾಡಿಕೊಳ್ಳಬೇಡಿ.

ಗ್ರಾನ್ಯುಲೋಸಾ ಕೋಶದ ಗೆಡ್ಡೆ ಕ್ಯಾನ್ಸರ್ ಗುಂಪಿಗೆ ಸೇರಿದ್ದೇ. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಇದರ ಪಾಲು 2ರಿಂದ 5 ಶೇಕಡಾ. ಆದರೆ ಇದು ನಿಧಾನದ್ದು. ಬಹುತೇಕ ಮಂದಿಯಲ್ಲಿ ಅಂಡಾಶಯ ಬಿಟ್ಟು ಹೊರಗೆ ಹೋಗುವ ಮುಂಚೆಯೇ ಸಿಕ್ಕಿಬೀಳುತ್ತದೆ. ಅದಕ್ಕೆ ಒಂದು ಕಾರಣ ಈಸ್ಟ್ರೋಜೆನ್ನೇ. ಗೆಡ್ಡೆ ಹಾರ್ಮೋನ್ ಸುರಿಸುತ್ತದೆ, ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ರಕ್ತ ಹೋಗುತ್ತದೆ, ಹೆಂಗಸು ಡಾಕ್ಟರ್ ಹತ್ತಿರ ಬರುತ್ತಾಳೆ. ಅಂಡಾಶಯದ ಬೇರೆ ಕ್ಯಾನ್ಸರ್‌ಗಳು ಇಷ್ಟು ಬೇಗ ಸುಳಿವು ಕೊಡುವುದಿಲ್ಲ. ಇದೇ ಗೆಡ್ಡೆಯ ಇನ್ನೊಂದು ರೂಪ ಚಿಕ್ಕ ಹೆಣ್ಣುಮಕ್ಕಳಲ್ಲಿ ಬರುತ್ತದೆ. ಆಗ ಏಳೆಂಟು ವರ್ಷಕ್ಕೂ ಮೊದಲೇ ಎದೆ ಬೆಳೆಯುವುದು, ರಕ್ತ ಕಾಣಿಸುವುದು ಆಗಬಹುದು. ಅಂಥ ಮಗುವನ್ನು ‘ಬೇಗ ದೊಡ್ಡವಳಾದಳು’ ಎಂದು ಸುಮ್ಮನಿರದೆ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು.

ಒಳಪದರದ ಬಯಾಪ್ಸಿ ಬೇಕು ಎಂದು ಯಾಕೆ ಹೇಳಿದೆ ಎಂದರೆ, ಒಳಪದರದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಜೊತೆಗಿಲ್ಲದೆ ಬರೀ ಈಸ್ಟ್ರೋಜೆನ್ ತಿಂಗಳುಗಟ್ಟಲೆ ಬೀಳುತ್ತಿದ್ದರೆ ಗರ್ಭಕೋಶದ ಒಳಪದರ ಮಿತಿ ಮೀರಿ ಬೆಳೆಯುತ್ತದೆ. ಗ್ರಾನ್ಯುಲೋಸಾ ಗೆಡ್ಡೆ ಇರುವವರಲ್ಲಿ ಸುಮಾರು ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಈ ಅತಿಬೆಳವಣಿಗೆ ಕಾಣುತ್ತದೆ. ಸುಮಾರು 5ರಿಂದ 10 ಶೇಕಡಾ ಮಂದಿಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕೂಡ ಜೊತೆಗೇ ಇರುತ್ತದೆ. ಅದು ಅಂಡಾಶಯದ ಗೆಡ್ಡೆ ಹರಡಿ ಬಂದದ್ದಲ್ಲ, ಅದರ ಹಾರ್ಮೋನ್‌ನಿಂದ ಬೇರೆಯಾಗಿ ಹುಟ್ಟಿದ್ದು.

ಹಾಗಾದರೆ ಗೆಡ್ಡೆ ಹುಟ್ಟಿದ್ದು ಯಾಕೆ? ದೊಡ್ಡವರಲ್ಲಿ ಬರುವ ಗ್ರಾನ್ಯುಲೋಸಾ ಗೆಡ್ಡೆಯ ಮಟ್ಟಿಗೆ ಇದಕ್ಕೆ ಅಪರೂಪದಷ್ಟು ಸ್ಪಷ್ಟ ಉತ್ತರ ಸಿಕ್ಕಿದೆ. 2009ರಲ್ಲಿ ಕೆನಡಾದ ಸಂಶೋಧಕರ ತಂಡವೊಂದು ಈ ಗೆಡ್ಡೆಗಳಲ್ಲಿ ಫಾಕ್ಸ್‌ಎಲ್2 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡಿತು. ಒಂದೋ ಎರಡೋ ಗೆಡ್ಡೆಯಲ್ಲಿ ಅಲ್ಲ, ನೋಡಿದ ಗೆಡ್ಡೆಗಳಲ್ಲಿ 97 ಶೇಕಡಾದಷ್ಟರಲ್ಲಿ ಅದೇ ಜಾಗ, ಅದೇ ಬದಲಾವಣೆ. ಕ್ಯಾನ್ಸರ್ ಲೋಕದಲ್ಲಿ ಇಂಥದ್ದು ತೀರಾ ಕಡಿಮೆ. ಅಂಡಾಶಯದ ಕೋಶ ಅಂಡಾಶಯದ ಕೋಶವಾಗಿಯೇ ಉಳಿಯಲು ಈ ಜೀನ್ ಬೇಕು, ಅರೋಮಟೇಸ್ ಎಷ್ಟು ತಯಾರಾಗಬೇಕು ಎಂಬುದರಲ್ಲೂ ಅದರ ಕೈ ಇದೆ. ಈ ಬದಲಾವಣೆ ಆ ಒಂದು ಕೋಶದಲ್ಲಿ, ಬದುಕಿನ ಯಾವುದೋ ಹಂತದಲ್ಲಿ ತಾನಾಗಿ ಆದದ್ದು. ನೀವು ನುಂಗಿದ ಮಾತ್ರೆಗೂ ಅದಕ್ಕೂ ನಂಟು ಕಟ್ಟಲು ಆಧಾರವಿಲ್ಲ. ಅದು ತಾಯಿಯಿಂದ ಬಂದದ್ದೂ ಅಲ್ಲ, ಮಗಳಿಗೆ ಹೋಗುವಂಥದ್ದೂ ಅಲ್ಲ.

ಇಲ್ಲಿ ಒಂದು ಎಚ್ಚರ. ರಕ್ತದಲ್ಲಿ ಈಸ್ಟ್ರೋಜೆನ್ ಜಾಸ್ತಿ ಇಲ್ಲ ಎಂದ ಮಾತ್ರಕ್ಕೆ ಗ್ರಾನ್ಯುಲೋಸಾ ಗೆಡ್ಡೆ ಇಲ್ಲ ಎನ್ನಲಾಗದು. ಈ ಗೆಡ್ಡೆ ಈಸ್ಟ್ರೋಜೆನ್ ತಯಾರಿಸಲು ಅಕ್ಕಪಕ್ಕದ ಥೀಕಾ ಬಗೆಯ ಕೋಶಗಳು ಕಚ್ಚಾ ಸಾಮಗ್ರಿ ಒದಗಿಸಬೇಕು. ಒದಗಿಸದಿದ್ದರೆ ಗೆಡ್ಡೆ ಇದ್ದರೂ ಹಾರ್ಮೋನ್ ಏರುವುದಿಲ್ಲ. ಹಾಗಾಗಿ ಇದನ್ನು ಹಿಂಬಾಲಿಸಲು ಬಳಸುವ ರಕ್ತಪರೀಕ್ಷೆ ಇನ್‌ಹಿಬಿನ್ ಬಿ, ಜೊತೆಗೆ ಎಎಂಎಚ್, ಎರಡೂ ಗ್ರಾನ್ಯುಲೋಸಾ ಕೋಶಗಳೇ ತಯಾರಿಸುವ ಹಾರ್ಮೋನುಗಳು. ಮುಟ್ಟು ನಿಂತವರಲ್ಲಿ ಇವೆರಡೂ ತೀರಾ ಕಡಿಮೆ ಇರಬೇಕು. ಏರಿದ್ದರೆ ಅದಕ್ಕೆ ಅರ್ಥವಿದೆ. ಆಪರೇಷನ್‌ಗೆ ಮುಂಚೆಯೇ ಒಮ್ಮೆ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಲು ಅನುಕೂಲ.

ಆಪರೇಷನ್‌ಗೆ ಮುಂಚೆ ಗೆಡ್ಡೆಗೆ ಸೂಜಿ ಚುಚ್ಚಿ ಚೂರು ತೆಗೆದು ನೋಡಬಹುದಲ್ವಾ ಎಂದು ಮನೆಯವರು ಕೇಳುತ್ತಾರೆ. ಅಂಡಾಶಯದೊಳಗೇ ಇರುವ ಗೆಡ್ಡೆಗೆ ಹಾಗೆ ಮಾಡುವುದಿಲ್ಲ. ಚುಚ್ಚಿದಾಗ ಕೋಶಗಳು ಹೊಟ್ಟೆಯೊಳಗೆ ಚೆಲ್ಲಿದರೆ ಮೊದಲ ಹಂತದ ಒಳ್ಳೆಯ ಸ್ಥಿತಿಯನ್ನು ನಾವೇ ಕೆಡಿಸಿದಂತೆ. ಒಡೆಯದೆ ಪೂರ್ತಿಯಾಗಿ ತೆಗೆಯಬೇಕು. ನಿಮ್ಮ ವಯಸ್ಸಿನಲ್ಲಿ ಸಾಮಾನ್ಯವಾಗಿ ಎರಡೂ ಅಂಡಾಶಯ, ಅಂಡನಾಳ, ಗರ್ಭಕೋಶ ಮೂರನ್ನೂ ತೆಗೆಯುತ್ತಾರೆ. ಸ್ತ್ರೀರೋಗ ಕ್ಯಾನ್ಸರ್‌ನಲ್ಲೇ ತರಬೇತಿ ಪಡೆದ ಸರ್ಜನ್ ಸಿಕ್ಕರೆ ಅವರ ಹತ್ತಿರವೇ ಮಾಡಿಸಿಕೊಳ್ಳಿ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೊದಲ ಆಪರೇಷನ್ ಸರಿಯಾಗಿ ಆಗುವುದಕ್ಕಿಂತ ದೊಡ್ಡ ಔಷಧ ಈ ಗೆಡ್ಡೆಗೆ ಇಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಈಸ್ಟ್ರೋಜೆನ್ ಜಾಸ್ತಿಯಾದರೆ ಅಂಡಾಶಯದ ಕ್ಯಾನ್ಸರ್ ಬರುತ್ತದಾ ಎಂಬುದು. ಇದು ಮುಖ್ಯವಾಗಿ ಹೊರಪದರದ ಕುಟುಂಬಕ್ಕೆ ಸೇರಿದ ಪ್ರಶ್ನೆ.

ಹಾರ್ಮೋನ್ ಎಂಬುದು ರಕ್ತದಲ್ಲಿ ಹರಿದು ಬರುವ ಕಾಗದವಿದ್ದಂತೆ. ಅದನ್ನು ಓದುವವರು ಮನೆಯಲ್ಲಿದ್ದರೆ ಮಾತ್ರ ಏನಾದರೂ ನಡೆಯುತ್ತದೆ. ಕೋಶದೊಳಗೆ ಅದನ್ನು ಓದುವುದು ರಿಸೆಪ್ಟರ್. ಈಸ್ಟ್ರೋಜೆನ್‌ಗೆ ಮುಖ್ಯವಾಗಿ ಎರಡು ರಿಸೆಪ್ಟರ್‌ಗಳಿವೆ, ಆಲ್ಫಾ ಮತ್ತು ಬೀಟಾ. ಬೀಟಾ ಇದೆ ಎಂದು ಗೊತ್ತಾದದ್ದೇ 1996ರಲ್ಲಿ. ಆಲ್ಫಾ ಕೋಶಕ್ಕೆ ‘ಒಡೆದು ಎರಡಾಗು’ ಎಂಬ ಆದೇಶವನ್ನು ತಲುಪಿಸುತ್ತದೆ. ಬೀಟಾ ಬಹಳಷ್ಟು ಕಡೆ ಅದಕ್ಕೆ ಕಡಿವಾಣ ಹಾಕುತ್ತದೆ. ಅಂಡಾಶಯದ ಕ್ಯಾನ್ಸರ್ ಬೆಳೆಯುತ್ತ ಹೋದಂತೆ ಬೀಟಾ ಕಡಿಮೆಯಾಗಿ ಆಲ್ಫಾ ಮೇಲುಗೈ ಪಡೆಯುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತೆಗೆದ ಗೆಡ್ಡೆಯನ್ನು ಪರೀಕ್ಷಿಸಿ ಕೊಡುವ ಪೆಥಾಲಜಿ ವರದಿಯಲ್ಲಿ ‘ಇಆರ್ ಪಾಸಿಟಿವ್’ (ಈಸ್ಟ್ರೋಜೆನ್ ರಿಸೆಪ್ಟರ್ ಇದೆ) ಎಂದು ಬರೆಯುವುದು ಸಾಮಾನ್ಯವಾಗಿ ಈ ಆಲ್ಫಾವನ್ನು ನೋಡಿ.

ಈ ಕುಟುಂಬದಲ್ಲಿ ಐದು ಮುಖ್ಯ ಬಗೆಗಳಿವೆ. ಹೆಚ್ಚು ಆಕ್ರಮಣಕಾರಿಯಾದ ಹೈಗ್ರೇಡ್ ಸೀರಸ್, ನಿಧಾನದ ಲೋಗ್ರೇಡ್ ಸೀರಸ್, ಎಂಡೋಮೆಟ್ರಿಯಾಯ್ಡ್, ಕ್ಲಿಯರ್ ಸೆಲ್, ಮ್ಯೂಸಿನಸ್. ಮೊದಲ ಮೂರು ಬಗೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗೆಡ್ಡೆಗಳು ಇಆರ್ ಪಾಸಿಟಿವ್. ಕೊನೆಯ ಎರಡು ಬಗೆಗಳಲ್ಲಿ ಐದನೇ ಒಂದು ಪಾಲಿನಷ್ಟು ಮಾತ್ರ. ಇಷ್ಟು ನೋಡಿದರೆ ಸೀರಸ್ ಗೆಡ್ಡೆಗಳಿಗೆಲ್ಲ ಈಸ್ಟ್ರೋಜೆನ್ ತಡೆಯುವ ಮಾತ್ರೆ ಕೊಟ್ಟರೆ ಸಾಕು ಅನ್ನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಓದುವವರು ಇದ್ದಾರೆ ಎಂದ ಮಾತ್ರಕ್ಕೆ ಆ ಮನೆ ನಡೆಯುವುದು ಆ ಕಾಗದದಿಂದಲೇ ಎನ್ನಲಾಗದು.

ಹೈಗ್ರೇಡ್ ಸೀರಸ್ ಕ್ಯಾನ್ಸರ್ ಅನ್ನೇ ತೆಗೆದುಕೊಳ್ಳಿ. ಅಂಡಾಶಯದ ಕ್ಯಾನ್ಸರ್‌ನಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ಇದರಿಂದಲೇ. ಇದರ ಬಹುಪಾಲು ಹುಟ್ಟುವುದು ಅಂಡಾಶಯದಲ್ಲಿ ಅಲ್ಲ, ಅಂಡನಾಳದ ತುದಿಯಲ್ಲಿ. ಟಿಪಿ53 ಎಂಬ ಕಾವಲು ಜೀನ್ ಬಹುತೇಕ ಎಲ್ಲ ಗೆಡ್ಡೆಗಳಲ್ಲೂ ಕೆಟ್ಟಿರುತ್ತದೆ. ಹಾಳಾದ ಡಿಎನ್‌ಎಯನ್ನು ರಿಪೇರಿ ಮಾಡುವ ಬಿಆರ್‌ಸಿಎ ಜೀನ್‌ಗಳ ತೊಂದರೆಯೂ ಸುಮಾರು ಐದರಲ್ಲಿ ಒಂದು ಗೆಡ್ಡೆಯಲ್ಲಿ ಇರುತ್ತದೆ. ಗೆಡ್ಡೆಯ ಓಟ ಇವುಗಳಿಂದ. ಹಾಗಾಗಿ ಮರಳಿ ಬಂದ ಕ್ಯಾನ್ಸರ್‌ಗೆ ಈಸ್ಟ್ರೋಜೆನ್ ತಡೆಯುವ ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್ ಮಾತ್ರೆ ಕೊಟ್ಟಾಗ ಗೆಡ್ಡೆ ಕುಗ್ಗುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಕೀಮೋ ತಡೆದುಕೊಳ್ಳಲಾಗದವರಿಗೆ, ನಿಧಾನವಾಗಿ ಮರಳಿರುವವರಿಗೆ ಇದನ್ನು ಕೊಡುತ್ತೇವೆ. ಮಾತ್ರೆ ಹಗುರ, ಅಡ್ಡಪರಿಣಾಮ ಕಡಿಮೆ. ಕೆಲವರಿಗೆ ಕೆಲವು ತಿಂಗಳ ನೆಮ್ಮದಿ ಸಿಗುತ್ತದೆ, ಆ ತಿಂಗಳುಗಳಿಗೂ ಬೆಲೆಯಿದೆ.

ಲೋಗ್ರೇಡ್ ಸೀರಸ್ ಬೇರೆಯೇ ಕಾಯಿಲೆ. ಹೆಸರು ಹತ್ತಿರದ್ದು, ಸ್ವಭಾವ ಅಲ್ಲ. ಇದು ಕೀಮೋಗೆ ಅಷ್ಟಾಗಿ ಬಗ್ಗುವುದಿಲ್ಲ, ಆದರೆ ಈಸ್ಟ್ರೋಜೆನ್ ಮೇಲೆ ನಿಜವಾಗಿ ಅವಲಂಬಿಸಿರುತ್ತದೆ. 2017ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ 203 ಮಹಿಳೆಯರ ದಾಖಲೆ ನೋಡಿ ಒಂದು ಲೆಕ್ಕ ಪ್ರಕಟಿಸಿತು. ಆಪರೇಷನ್, ಕೀಮೋ ಮುಗಿದ ಮೇಲೆ ಹಾರ್ಮೋನ್ ತಡೆಯುವ ಮಾತ್ರೆ ಮುಂದುವರಿಸಿದವರಲ್ಲಿ ಕಾಯಿಲೆ ಮರಳದೆ ಇದ್ದ ಮಧ್ಯಮ ಅವಧಿ 64.9 ತಿಂಗಳು. ಸುಮ್ನೆ ಕಾದು ನೋಡಿದವರಲ್ಲಿ 26.4 ತಿಂಗಳು. ಇದು ಹಳೆಯ ದಾಖಲೆಗಳಿಂದ ತೆಗೆದ ಲೆಕ್ಕ, ಎರಡು ಗುಂಪುಗಳನ್ನು ಮೊದಲೇ ಸಮವಾಗಿ ಹಂಚಿ ಮಾಡಿದ ಪರೀಕ್ಷೆ ಅಲ್ಲ. ಆದರೂ ಅಂತರ ಎಷ್ಟು ದೊಡ್ಡದೆಂದರೆ, ಈ ಬಗೆಯಲ್ಲಿ ಲೆಟ್ರೊಜೋಲ್ ಕೊಡುವುದು ಈಗ ರೂಢಿಯಾಗಿದೆ. ಲೆಟ್ರೊಜೋಲ್ ಮಾಡುವುದು ಏನು? ಮೊದಲು ಹೇಳಿದ ಅರೋಮಟೇಸ್ ಕಿಣ್ವವನ್ನು ತಡೆಯುವುದು. ಮುಟ್ಟು ನಿಂತವರಲ್ಲಿ, ಅಂಡಾಶಯ ತೆಗೆದವರಲ್ಲಿ ಕೊಬ್ಬಿನಿಂದ ಬರುತ್ತಿದ್ದ ಅಷ್ಟಿಷ್ಟು ಈಸ್ಟ್ರೋಜೆನ್ನೂ ಅದರಿಂದ ನಿಲ್ಲುತ್ತದೆ.

ಎಂಡೋಮೆಟ್ರಿಯಾಯ್ಡ್ ಮತ್ತು ಕ್ಲಿಯರ್ ಸೆಲ್ ಗೆಡ್ಡೆಗಳ ಬೇರು ಎಷ್ಟೋ ಸಲ ಎಂಡೋಮೆಟ್ರಿಯೋಸಿಸ್‌ನಲ್ಲಿರುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ ಕೂತು ಬೆಳೆಯುವ ತೊಂದರೆ ಇದು. ಅದು ಬದುಕುವುದೇ ಈಸ್ಟ್ರೋಜೆನ್ ಮೇಲೆ. ತನಗೆ ಬೇಕಾದ ಈಸ್ಟ್ರೋಜೆನ್ ಅನ್ನು ತಾನೇ ಸ್ಥಳದಲ್ಲಿ ತಯಾರಿಸಿಕೊಳ್ಳುವ ಶಕ್ತಿಯೂ ಅದಕ್ಕಿದೆ. ಎಂಡೋಮೆಟ್ರಿಯೋಸಿಸ್ ಇದ್ದವರಲ್ಲಿ ಕ್ಲಿಯರ್ ಸೆಲ್ ಕ್ಯಾನ್ಸರ್‌ನ ಅಪಾಯ ಸುಮಾರು ಮೂರು ಪಟ್ಟು, ಎಂಡೋಮೆಟ್ರಿಯಾಯ್ಡ್‌ನದು ಸುಮಾರು ಎರಡು ಪಟ್ಟು. ಗಮನಿಸಿ, ಕ್ಲಿಯರ್ ಸೆಲ್ ಆಗಿ ಬದಲಾದ ಮೇಲೆ ಹೆಚ್ಚಿನವು ಈಸ್ಟ್ರೋಜೆನ್ ರಿಸೆಪ್ಟರ್ ಕಳೆದುಕೊಂಡಿರುತ್ತವೆ. ಈಸ್ಟ್ರೋಜೆನ್ ನೆರಳಲ್ಲಿ ಹುಟ್ಟಿದ ಗೆಡ್ಡೆಗೆ ಆಮೇಲೆ ಈಸ್ಟ್ರೋಜೆನ್ ಬೇಕಾಗುವುದೇ ಇಲ್ಲ. ಇದನ್ನು ಓದಿ ಎಂಡೋಮೆಟ್ರಿಯೋಸಿಸ್ ಇರುವವರು ಹೆದರಬೇಕಾಗಿಲ್ಲ. ಅಂಡಾಶಯದ ಕ್ಯಾನ್ಸರ್ ಜೀವಮಾನದಲ್ಲಿ ಬರುವುದು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಗೆ. ಅದರಲ್ಲಿ ಈ ಎರಡು ಬಗೆಗಳ ಪಾಲು ಚಿಕ್ಕದು. ಚಿಕ್ಕ ಸಂಖ್ಯೆ ಎರಡು ಮೂರು ಪಟ್ಟಾದರೂ ಚಿಕ್ಕದೇ.

ಹಾರ್ಮೋನ್ ಮಾತ್ರೆಯ ಲೆಕ್ಕ ಇನ್ನೂ ಸರಿಯಾಗಿ ಹೇಳಬಹುದು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 52 ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಬಂತು. ಅಂಡಾಶಯದ ಕ್ಯಾನ್ಸರ್ ಆದ 21,488 ಮಹಿಳೆಯರ ಮಾಹಿತಿ ಅದರಲ್ಲಿತ್ತು. ಮುಟ್ಟು ನಿಂತ ಮೇಲೆ ಹಾರ್ಮೋನ್ ತೆಗೆದುಕೊಳ್ಳುವವರಲ್ಲಿ ಅಪಾಯ ಸ್ವಲ್ಪ ಹೆಚ್ಚುತ್ತದೆ ಎಂದು ಅದು ತೋರಿಸಿತು. ಎಷ್ಟು ಎಂದರೆ, 50ನೇ ವಯಸ್ಸಿನಿಂದ ಐದು ವರ್ಷ ತೆಗೆದುಕೊಂಡ 1000 ಮಹಿಳೆಯರಲ್ಲಿ ಸುಮಾರು ಒಂದು ಹೆಚ್ಚುವರಿ ಪ್ರಕರಣ. ಏರಿಕೆ ಕಂಡದ್ದು ಸೀರಸ್ ಮತ್ತು ಎಂಡೋಮೆಟ್ರಿಯಾಯ್ಡ್ ಬಗೆಗಳಲ್ಲಿ. ಕ್ಲಿಯರ್ ಸೆಲ್, ಮ್ಯೂಸಿನಸ್‌ನಲ್ಲಿ ಅಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಅಪಾಯ ಇಳಿಯುತ್ತ ಹೋಗುತ್ತದೆ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಪರೀಕ್ಷೆಯ ದೀರ್ಘಕಾಲದ ಫಲಿತಾಂಶ 2024ರಲ್ಲಿ ಬಂದಾಗ, ಬರೀ ಈಸ್ಟ್ರೋಜೆನ್ ಪಡೆದವರಲ್ಲಿ ಅಂಡಾಶಯದ ಕ್ಯಾನ್ಸರ್ ಹೆಚ್ಚಿತ್ತು, ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಔಷಧ) ಸೇರಿಸಿ ಪಡೆದವರಲ್ಲಿ ಹೆಚ್ಚಿರಲಿಲ್ಲ. ಒಟ್ಟಿನಲ್ಲಿ ನಂಟು ಇದೆ, ಆದರೆ ತೆಳುವಾದದ್ದು. ರಾತ್ರಿಯೆಲ್ಲ ಬೆವರಿ ನಿದ್ದೆ ಇಲ್ಲದ ಹೆಂಗಸಿಗೆ ಆ ಮಾತ್ರೆಯಿಂದ ಆಗುವ ಉಪಕಾರವೂ ಸಣ್ಣದಲ್ಲ. ನೀವು ಆ ದಿನಗಳಲ್ಲಿ ಅದನ್ನು ತೆಗೆದುಕೊಂಡದ್ದು ತಪ್ಪಲ್ಲ.

ತೂಕದ ಬಗ್ಗೆಯೂ ಒಂದು ಮಾತು. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳದವರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 5 ಅಂಕ ಏರಿದರೆ ಅಂಡಾಶಯದ ಕ್ಯಾನ್ಸರ್‌ನ ಅಪಾಯ ಸುಮಾರು 10 ಶೇಕಡಾ ಏರುತ್ತದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ಹೋಲಿಸಿದರೆ ಇದು ಬಹಳ ಕಡಿಮೆ.

ಮಗಳ ವಿಷಯ. ನಿಲ್ಲಿಸು ಎಂದು ಹೇಳಬೇಡಿ. ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜೆನ್ ಇದೆ, ನಿಜ. ಆದರೂ ಅದು ಅಂಡಾಶಯದ ಕ್ಯಾನ್ಸರ್ ಅನ್ನು ಕಡಿಮೆ ಮಾಡುತ್ತದೆ. ಈ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಸಂಗತಿ ಇದೇ. 2008ರಲ್ಲಿ 21 ದೇಶಗಳ 45 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಐದು ವರ್ಷ ಮಾತ್ರೆ ತೆಗೆದುಕೊಂಡರೆ ಅಪಾಯ ಸುಮಾರು 20 ಶೇಕಡಾ ಇಳಿಯುತ್ತದೆ, 15 ವರ್ಷ ತೆಗೆದುಕೊಂಡರೆ ಅರ್ಧಕ್ಕೆ ಇಳಿಯುತ್ತದೆ ಎಂದು ಕಂಡಿತು. ನಿಲ್ಲಿಸಿದ 30 ವರ್ಷಗಳ ನಂತರವೂ ಆ ರಕ್ಷಣೆಯ ಒಂದಷ್ಟು ಪಾಲು ಉಳಿದಿರುತ್ತದೆ. ಹತ್ತು ವರ್ಷ ತೆಗೆದುಕೊಂಡ 1000 ಮಂದಿಯಲ್ಲಿ 75 ವರ್ಷದೊಳಗೆ ಈ ಕ್ಯಾನ್ಸರ್ ಬರುವವರು 12ರಿಂದ 8ಕ್ಕೆ ಇಳಿಯುತ್ತಾರೆ. 1960ರ ದಶಕದ ಮಾತ್ರೆಗಳಲ್ಲಿ ಈಸ್ಟ್ರೋಜೆನ್ ಪ್ರಮಾಣ ಆಮೇಲಿನವುಗಳಿಗಿಂತ ತುಂಬಾ ಜಾಸ್ತಿ ಇತ್ತು. ಆದರೂ ರಕ್ಷಣೆ ಹೆಚ್ಚು ಕಡಿಮೆ ಒಂದೇ.

ಇದು ಹೇಗೆ? ಮಾತ್ರೆ ಪ್ರತಿ ತಿಂಗಳ ಅಂಡ ಬಿಡುಗಡೆಯನ್ನು ನಿಲ್ಲಿಸುತ್ತದೆ. ಅಂಡ ಹೊರಬೀಳುವಾಗಲೆಲ್ಲ ಅಂಡಾಶಯದ ಮೇಲ್ಮೈ ಹರಿಯುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಬಿಡುವಿಲ್ಲದೆ ನಡೆಯುವ ಈ ಗಾಯ ಮತ್ತು ರಿಪೇರಿಯೇ ಕ್ಯಾನ್ಸರ್‌ಗೆ ದಾರಿ ಮಾಡಬಹುದು ಎಂದು ಈಜಿಪ್ಟಿನ ಡಾ. ಮಹಮೂದ್ ಫತಲ್ಲಾ 1971ರಲ್ಲೇ ಹೇಳಿದ್ದರು. ಅಂಡದ ಜೊತೆ ಹೊರಚೆಲ್ಲುವ ದ್ರವದಲ್ಲಿ ಈಸ್ಟ್ರೋಜೆನ್ ಬಹಳ ಗಾಢವಾಗಿರುತ್ತದೆ, ಉರಿಯೂತ ತರುವ ಅಂಶಗಳೂ ಇರುತ್ತವೆ. ಪಕ್ಕದಲ್ಲೇ ಇರುವ ಅಂಡನಾಳದ ತುದಿ ಅದರಲ್ಲಿ ಮೀಯುತ್ತದೆ. ಬಸಿರಿನಲ್ಲಿ ಈಸ್ಟ್ರೋಜೆನ್ ಮಟ್ಟ ಬೇರೆ ಎಲ್ಲ ಸಮಯಕ್ಕಿಂತ ಮೇಲಿರುತ್ತದೆ. ಆದರೂ ಬಸಿರು ಈ ಕ್ಯಾನ್ಸರ್‌ನ ಅಪಾಯ ಇಳಿಸುತ್ತದೆ. ಆಗಲೂ ಅಂಡ ಬಿಡುಗಡೆ ನಿಂತಿರುತ್ತದೆ, ಪ್ರೊಜೆಸ್ಟರಾನ್ ಜೊತೆಗಿರುತ್ತದೆ. ಹಾಗಾಗಿ ‘ಮೈಯಲ್ಲಿ ಈಸ್ಟ್ರೋಜೆನ್ ಜಾಸ್ತಿ, ಅದನ್ನು ಹೊರಹಾಕಬೇಕು’ ಎಂದು ಹೇಳಿ ಪುಡಿ, ಕಷಾಯ ಮಾರುವವರ ಮಾತನ್ನು ನಂಬಬೇಡಿ. ಅದನ್ನು ಕುಡಿಯುತ್ತ ಸ್ಕ್ಯಾನ್ ಮುಂದೂಡುವುದು ನಿಜವಾದ ಅಪಾಯ.

ಗರ್ಭನಿರೋಧಕ ಮಾತ್ರೆ ಎಲ್ಲರಿಗೂ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. 35 ದಾಟಿ ಸಿಗರೇಟು ಸೇದುವವರು, ಕಣ್ಣ ಮುಂದೆ ಮಿಂಚು ಕಾಣುವ ಬಗೆಯ ಮೈಗ್ರೇನ್ ಇರುವವರು, ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ಈಸ್ಟ್ರೋಜೆನ್ ಇರುವ ಮಾತ್ರೆ ತೆಗೆದುಕೊಳ್ಳಬಾರದು. ತೆಗೆದುಕೊಳ್ಳುವಷ್ಟು ಕಾಲ ಸ್ತನ ಕ್ಯಾನ್ಸರ್‌ನ ಅಪಾಯ ತುಸು ಏರುತ್ತದೆ. ಇದನ್ನೆಲ್ಲ ನಿಮ್ಮ ಮಗಳು ತನ್ನ ಡಾಕ್ಟರ್ ಜೊತೆ ಮಾತಾಡಲಿ. ಆದರೆ ಅಮ್ಮನ ಅಂಡಾಶಯದ ಗೆಡ್ಡೆ ನಿಲ್ಲಿಸಲು ಕಾರಣವಲ್ಲ. ಒಂದು ವೇಳೆ ನಿಮ್ಮದು ಹೈಗ್ರೇಡ್ ಸೀರಸ್ ಎಂದು ಬಂದರೆ, ನಿಮಗೆ ಬಿಆರ್‌ಸಿಎ ಪರೀಕ್ಷೆ ಆಗಬೇಕು. ಆಗ ಅದರ ಫಲಿತಾಂಶ ಮಗಳಿಗೂ ಸಂಬಂಧಿಸುತ್ತದೆ. ಬಿಆರ್‌ಸಿಎ1 ಬದಲಾವಣೆ ಇದ್ದವರಲ್ಲಿ ಅಂಡಾಶಯದ ಕ್ಯಾನ್ಸರ್‌ನ ಜೀವಮಾನದ ಅಪಾಯ 40 ಶೇಕಡಾದ ಆಸುಪಾಸು ಇರುತ್ತದೆ.

ಆಪರೇಷನ್ ಆದ ಮೇಲೆ ಮತ್ತೆ ಹಾರ್ಮೋನ್ ತೆಗೆದುಕೊಳ್ಳಬಹುದಾ ಎಂದು ನೀವು ಕೇಳಿಲ್ಲ, ಆದರೆ ಈ ಗೆಡ್ಡೆಯಿಂದ ಬರುತ್ತಿದ್ದ ಈಸ್ಟ್ರೋಜೆನ್ ಒಮ್ಮೆಲೇ ನಿಂತಾಗ ಆ ಮೈ ಬಿಸಿ, ಬೆವರು ಮರಳಬಹುದು. ಇಲ್ಲೂ ಉತ್ತರ ಗೆಡ್ಡೆಯ ಬಗೆಯ ಮೇಲಿದೆ. ಹೊರಪದರದ ಕ್ಯಾನ್ಸರ್ ಆದ 150 ಮಹಿಳೆಯರ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2015ರಲ್ಲಿ ಬಂತು. ಚಿಕಿತ್ಸೆ ಮುಗಿದ ಮೇಲೆ ಹಾರ್ಮೋನ್ ಪಡೆದವರಿಗೆ ಹಾನಿಯಾಗಲಿಲ್ಲ. ಬದಲಿಗೆ ಅವರೇ ಹೆಚ್ಚು ಕಾಲ ಬದುಕಿದರು. ಪರೀಕ್ಷೆ ಚಿಕ್ಕದು, ಆದರೆ ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ಕಳೆದುಕೊಂಡವರಿಗೆ ಹಾರ್ಮೋನ್ ಕೊಡಲು ಅದು ಧೈರ್ಯ ಕೊಟ್ಟಿದೆ. ಲೋಗ್ರೇಡ್ ಸೀರಸ್, ಗ್ರಾನ್ಯುಲೋಸಾ ಗೆಡ್ಡೆಗಳಲ್ಲಿ ಮಾತ್ರ ಸಾಮಾನ್ಯವಾಗಿ ಕೊಡುವುದಿಲ್ಲ. ಬಿಸಿ, ಬೆವರಿಗೆ ಹಾರ್ಮೋನ್ ಅಲ್ಲದ ಔಷಧಗಳೂ ಇವೆ, ಕೇಳಿ ಬರೆಸಿಕೊಳ್ಳಿ.

ಕೊನೆಯದಾಗಿ, ನಿಮ್ಮ ವರದಿ ಗ್ರಾನ್ಯುಲೋಸಾ ಎಂದೇ ಬಂದರೆ ತಿಳಿದಿರಬೇಕಾದ ಒಂದು ಸಂಗತಿ. ಬಹುತೇಕರು ಆಪರೇಷನ್‌ನಿಂದಲೇ ಗುಣವಾಗುತ್ತಾರೆ. ಆದರೆ ಈ ಗೆಡ್ಡೆ ಮರಳುವುದಾದರೆ ತಡವಾಗಿ ಮರಳುತ್ತದೆ. ಹತ್ತು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಕಳೆದಿರುತ್ತದೆ. ಬೇರೆ ಕ್ಯಾನ್ಸರ್‌ಗಳಿಗೆ ಹೇಳುವ ‘ಐದು ವರ್ಷ ದಾಟಿದರೆ ಆಯಿತು’ ಎಂಬ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ಮರಳಿದರೂ ಮತ್ತೆ ಆಪರೇಷನ್ ಮಾಡಬಹುದು, ಅರೋಮಟೇಸ್ ತಡೆಯುವ ಮಾತ್ರೆ ಕೊಡಬಹುದು. ಆ ಮಾತ್ರೆಯಿಂದ ಗೆಡ್ಡೆ ಕುಗ್ಗುವುದು ಅಪರೂಪ, ಬೆಳೆಯದೆ ನಿಲ್ಲುವುದು ಸಾಕಷ್ಟು ಮಂದಿಯಲ್ಲಿ ಕಂಡಿದೆ. ಹಾಗಾಗಿ ಇನ್‌ಹಿಬಿನ್ ಬಿ ಪರೀಕ್ಷೆ, ತಪಾಸಣೆ ವರ್ಷಗಟ್ಟಲೆ ಮುಂದುವರಿಯಬೇಕು. ಪೆಥಾಲಜಿ ವರದಿಯ ಪ್ರತಿಯನ್ನು ನೀವೇ ಇಟ್ಟುಕೊಳ್ಳಿ. ಅದರಲ್ಲಿ ಗೆಡ್ಡೆಯ ಬಗೆ, ಹಂತ, ಆಪರೇಷನ್ ವೇಳೆ ಅದು ಒಡೆದಿತ್ತೋ ಇಲ್ಲವೋ ಎಂಬುದು ಸ್ಪಷ್ಟವಾಗಿ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಕೇಳಿ. ಎಷ್ಟೋ ವರ್ಷದ ಮೇಲೆ ಬೇರೆ ಯಾವುದೋ ತೊಂದರೆಗೆ ಹೊಸ ಡಾಕ್ಟರ್ ನಿಮ್ಮ ಹೊಟ್ಟೆಯ ಸ್ಕ್ಯಾನ್ ನೋಡುವಾಗ, ಮೊದಲು ತೋರಿಸಬೇಕಾದ ಕಾಗದ ಅದೇ.